ಸೇವಂತಿಗೆ ಅರಳಿಸುವುದು ಚಳಿಯಲ್ಲ, ಕತ್ತಲು

ದಸರಾ ಹತ್ತಿರವಾದಂತೆ ಹೂವಿನ ಮಾರುಕಟ್ಟೆಗಳಲ್ಲಿ ಸೇವಂತಿಗೆಯ ರಾಶಿ ಬೀಳುತ್ತದೆ. ಅದೇ ಹೊತ್ತಿಗೆ ನರ್ಸರಿಯಿಂದ ಮನೆಗೆ ಬಂದ ಎಷ್ಟೋ ಗಿಡಗಳು ಹೂ ಮುಗಿದೊಡನೆ ಕಸದ ಗಾಡಿ ಸೇರುತ್ತವೆ. ಇನ್ನೂ ಬಾಳಬೇಕಾದ ಗಿಡ ಹೀಗೆ ಹಾಳಾಗಲು ಕಾರಣ ಕೆಲವು ತಪ್ಪು ತಿಳಿವಳಿಕೆಗಳು.

ತಪ್ಪು ಕಲ್ಪನೆ: ಚಳಿ ಬಿದ್ದರಷ್ಟೇ ಸೇವಂತಿಗೆ ಹೂ ಬಿಡುತ್ತದೆ.

ಸತ್ಯ: ಹೆಚ್ಚಿನ ತಳಿಗಳು ಮೊಗ್ಗು ಕಟ್ಟಲು ಬೇಕಿರುವುದು ದೀರ್ಘವಾದ, ನಡುವೆ ಬೆಳಕು ಬೀಳದ ರಾತ್ರಿ. ಹಗಲಿನ ಉದ್ದಕ್ಕೂ ಹೂವಿಗೂ ನಂಟಿದೆಯೆಂದು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತಂಬಾಕು, ಸೋಯಾ ಗಿಡಗಳ ಪ್ರಯೋಗದಿಂದ ತೋರಿಸಿಕೊಟ್ಟರು. ಜೂನ್‌ನಲ್ಲಿ ಲಂಡನ್ನಿನ ಹಗಲು ಹದಿನಾರು ಗಂಟೆ ಮೀರುತ್ತದೆ. ಅದು ಕುಗ್ಗುವವರೆಗೆ ಅಲ್ಲಿನ ಗಿಡ ಕಾಯುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಎಳೆಯ ಗಿಡವೇ ಮೊಗ್ಗಿಗೆ ಬಂದುಬಿಡುವುದುಂಟು.

ತಪ್ಪು ಕಲ್ಪನೆ: ಸೇವಂತಿಗೆ ಹೊಲಗಳಲ್ಲಿ ರಾತ್ರಿ ಬಲ್ಬು ಉರಿಸುವುದು ಹುಳ ಓಡಿಸಲು.

ಸತ್ಯ: ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾಲುಸಾಲಾಗಿ ಉರಿಯುವ ಆ ದೀಪಗಳು ಹೂವನ್ನು ತಡೆದು ಹಿಡಿಯುತ್ತವೆ. ರಾತ್ರಿಯ ನಡುವೆ ಬೆಳಕು ಬಿದ್ದರೆ ಗಿಡ ಮೊಗ್ಗು ಕಟ್ಟದೆ ಎಲೆ, ರೆಂಬೆ ಬೆಳೆಸುತ್ತದೆ. ಸಾಕಷ್ಟು ಎತ್ತರ ಬಂದ ಮೇಲೆ ದೀಪ ಆರಿಸಿದರೆ, ತಳಿಗೆ ತಕ್ಕಂತೆ ಸಾಮಾನ್ಯವಾಗಿ 8ರಿಂದ 10 ವಾರಗಳಲ್ಲಿ ಹೂ ಸಿಗುತ್ತದೆ. ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ರೈತರು ದೀಪ ಆರಿಸುವ ದಿನ ನಿರ್ಧರಿಸುವುದು ಇದರಿಂದಲೇ. ಬೀದಿದೀಪದ ಬುಡದಲ್ಲಿಟ್ಟ ಕುಂಡ ಬರೀ ಎಲೆ ಬಿಡುತ್ತಿದ್ದರೆ ಅದನ್ನು ಕತ್ತಲಿರುವ ಮೂಲೆಗೆ ಸರಿಸಿ ನೋಡಬೇಕು.

ತಪ್ಪು ಕಲ್ಪನೆ: ಕುಡಿ ಚಿವುಟಿದರೆ ಹೂ ಕಡಿಮೆಯಾಗುತ್ತದೆ.

ಸತ್ಯ: ನೆಟ್ಟು ಸುಮಾರು ತಿಂಗಳಾದ ಮೇಲೆ ತುದಿ ಚಿವುಟಿದರೆ ಪಕ್ಕದ ಕವಲುಗಳು ಒಡೆಯುತ್ತವೆ. ಕವಲು ಹೆಚ್ಚಿದಷ್ಟೂ ಹೂ ಹೆಚ್ಚು.

ತಪ್ಪು ಕಲ್ಪನೆ: ಒಮ್ಮೆ ಹೂ ಬಿಟ್ಟರೆ ಗಿಡದ ಆಯುಸ್ಸು ಮುಗಿಯಿತು.

ಸತ್ಯ: ಸೇವಂತಿಗೆ ಬಹುವಾರ್ಷಿಕ. ಕಾಂಡವನ್ನು ಅರ್ಧ ಅಡಿ ಉಳಿಸಿ ಕತ್ತರಿಸಿ, ಮಣ್ಣು ಒಣಗದಂತೆ ಹದವಾಗಿ ನೀರುಣಿಸಿದರೆ ಬುಡದಿಂದ ಮರಿಗಳು ಏಳುತ್ತವೆ. ಹಳೆಯ ಬುಡದ ಕಸುವು ವರ್ಷ ಕಳೆದಂತೆ ಕುಂದುವುದರಿಂದ ಆ ಮರಿಗಳನ್ನು ಬೇರುಸಹಿತ ಬಿಡಿಸಿ ಹೊಸ ಮಣ್ಣಿನಲ್ಲಿ ನೆಡುವುದೇ ಲೇಸು.

ತಪ್ಪು ಕಲ್ಪನೆ: ಹಿಮ ಬೀಳುವ ದೇಶಗಳಲ್ಲಿ ಸೇವಂತಿಗೆ ಉಳಿಯುವುದೇ ಇಲ್ಲ.

ಸತ್ಯ: ಚಳಿ ತಾಳುವ ತಳಿಗಳು ಅಲ್ಲಿಯೂ ಉಳಿಯುತ್ತವೆ. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೂ ತುಂಬಿದ ಕುಂಡ ತಂದು ನೆಲಕ್ಕೆ ನೆಟ್ಟರೆ, ನೆಲ ಹೆಪ್ಪುಗಟ್ಟುವ ಮೊದಲು ಬೇರೂರಲು ಸಮಯ ಸಾಲದು. ನೀರು ನಿಂತ ಮಣ್ಣು, ಹೆಪ್ಪುಗಟ್ಟಿ ಕರಗುತ್ತಾ ಬೇರನ್ನು ಮೇಲೆತ್ತುವ ನೆಲ, ಇವು ಇನ್ನೆರಡು ಶತ್ರುಗಳು. ಅಲ್ಲಿರುವ ಕನ್ನಡಿಗರು ವಸಂತದಲ್ಲೇ ನೆಟ್ಟು, ಚಳಿಗಾಲವಿಡೀ ಒಣಕಾಂಡವನ್ನು ಕತ್ತರಿಸದೆ ಬಿಟ್ಟು, ನೆಲ ಗಟ್ಟಿಯಾದ ಮೇಲೆ ಬುಡಕ್ಕೆ ಒಣಹುಲ್ಲು ಹೊದಿಸಿದರೆ ಗಿಡ ಉಳಿಯುವ ಸಾಧ್ಯತೆ ಹೆಚ್ಚು. ಚಳಿ ತಾಳದ ತಳಿಗಳಿಗೆ ಬ್ರಿಟನ್ನಿನ ತೋಟಗಾರರದು ಬೇರೆ ದಾರಿ: ಹೂ ಮುಗಿದ ಮೇಲೆ ಕಾಂಡ ಕತ್ತರಿಸಿ, ಬುಡವನ್ನು ಅಗೆದು ತೆಗೆದು, ಮಣ್ಣು ತುಂಬಿದ ಪೆಟ್ಟಿಗೆಯಲ್ಲಿ ಹಿಮ ಸೋಕದ ಕಡೆ ಇಡುತ್ತಾರೆ. ಚಳಿ ಇಳಿಯುವ ಹೊತ್ತಿಗೆ ಅದರಿಂದ ಹೊಮ್ಮುವ ಚಿಗುರುಗಳನ್ನು ಕತ್ತರಿಸಿ ನೆಟ್ಟು ಆ ವರ್ಷದ ಸಸಿ ಮಾಡಿಕೊಳ್ಳುತ್ತಾರೆ.