ಮೂಲಸಂಕೇತದ ಸ್ವಯಂಚಾಲಿತ ಭಾಷಾಂತರ

ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಮೂಲಸಂಕೇತವನ್ನು, ಅಂದರೆ ಸೋರ್ಸ್ ಕೋಡನ್ನು, ಅದೇ ಕಾರ್ಯವನ್ನು ನಿರ್ವಹಿಸುವ ಬೇರೊಂದು ಭಾಷೆಯ ಮೂಲಸಂಕೇತವಾಗಿ ತಂತ್ರಾಂಶದ ಮೂಲಕ ಪರಿವರ್ತಿಸುವುದೇ ಮೂಲಸಂಕೇತದ ಸ್ವಯಂಚಾಲಿತ ಭಾಷಾಂತರ. ಇಂತಹ ತಂತ್ರಾಂಶಕ್ಕೆ ಟ್ರಾನ್ಸ್‌ಪೈಲರ್ ಎಂಬ ಹೆಸರಿದೆ. ಸಾಮಾನ್ಯ ಕಂಪೈಲರ್ ಮೂಲಸಂಕೇತವನ್ನು ಯಂತ್ರಭಾಷೆಗೆ ಇಳಿಸುತ್ತದೆ; ಟ್ರಾನ್ಸ್‌ಪೈಲರ್ ಅದನ್ನು ಸುಮಾರಾಗಿ ಅದೇ ಸ್ತರದ ಇನ್ನೊಂದು ಭಾಷೆಗೆ ತರುತ್ತದೆ.

ಕಾರ್ಯವಿಧಾನ

ಟ್ರಾನ್ಸ್‌ಪೈಲರ್ ಪದಕ್ಕೆ ಪದವನ್ನಿಟ್ಟು ಭಾಷಾಂತರಿಸುವುದಿಲ್ಲ. ಅದು ಮೊದಲು ಸಂಕೇತದಲ್ಲಿನ ಪದಗಳನ್ನೂ ಚಿಹ್ನೆಗಳನ್ನೂ ಬಿಡಿಸಿಕೊಂಡು, ಭಾಷೆಯ ವ್ಯಾಕರಣಕ್ಕನುಗುಣವಾಗಿ ಅವುಗಳ ಸಂಬಂಧವನ್ನು ತೋರಿಸುವ ವೃಕ್ಷವೊಂದನ್ನು ರಚಿಸುತ್ತದೆ. ಬಳಿಕ ಆ ವೃಕ್ಷವನ್ನು ಗುರಿಭಾಷೆಯ ನಿಯಮಗಳಿಗೆ ಹೊಂದಿಸಿ, ಅದರಿಂದ ಹೊಸ ಸಂಕೇತವನ್ನು ಬರೆಯುತ್ತದೆ.

ಇತಿಹಾಸ

ಇಂಟೆಲ್ ಸಂಸ್ಥೆಯು 1978ರಲ್ಲಿ ಹೊರತಂದ 8086 ಪ್ರೊಸೆಸರ್‌ಗಾಗಿ, ಹಳೆಯ 8080ರ ಅಸೆಂಬ್ಲಿ ಸಂಕೇತವನ್ನು ಪರಿವರ್ತಿಸುವ ಸಾಧನವನ್ನು ಒದಗಿಸಿತು. 1980ರ ದಶಕದಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ ರಚಿಸಿದ ಸಿಫ್ರಂಟ್, ಸಿ++ ಸಂಕೇತವನ್ನು ಸಿ ಭಾಷೆಗೆ ಪರಿವರ್ತಿಸುತ್ತಿತ್ತು. 2020ರಲ್ಲಿ ಫೇಸ್‌ಬುಕ್ ಸಂಶೋಧಕರು ಪ್ರಕಟಿಸಿದ ಟ್ರಾನ್ಸ್‌ಕೋಡರ್, ಮನುಷ್ಯರು ಬರೆದುಕೊಟ್ಟ ನಿಯಮಗಳಿಲ್ಲದೆ, ಅಪಾರ ಪ್ರಮಾಣದ ಸಂಕೇತದಿಂದಲೇ ಕಲಿತು ಸಿ++, ಜಾವಾ ಮತ್ತು ಪೈಥಾನ್‌ಗಳ ನಡುವೆ ಭಾಷಾಂತರಿಸಿತು.

ಕರ್ನಾಟಕದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದಯ್ ಬೊಂಧುಗುಲ ಮತ್ತು ಸಂಗಡಿಗರು ಪಾಲಿಮೇಜ್ ಎಂಬ ವ್ಯವಸ್ಥೆಯನ್ನು ರೂಪಿಸಿ 2015ರಲ್ಲಿ ಪ್ರಕಟಿಸಿದರು. ಚಿತ್ರ ಸಂಸ್ಕರಣೆಯ ಹಂತಗಳನ್ನು ಪೈಥಾನ್‌ನೊಳಗೆ ಅಳವಡಿಸಿದ ಪುಟ್ಟ ಭಾಷೆಯಲ್ಲಿ ವಿವರಿಸಿದರೆ, ಅದು ಏಕಕಾಲದಲ್ಲಿ ಹಲವು ಪ್ರೊಸೆಸರ್‌ಗಳನ್ನು ಬಳಸಿಕೊಳ್ಳುವ ಸಿ++ ಸಂಕೇತವನ್ನು ಉತ್ಪಾದಿಸುತ್ತದೆ. ಬೊಂಧುಗುಲ ಅವರು ಇದಕ್ಕೂ ಮೊದಲು, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, ಸಿ ಸಂಕೇತವನ್ನು ಸಮಾಂತರವಾಗಿ ನಡೆಯುವ ಸಿ ಸಂಕೇತವಾಗಿ ಮರುರಚಿಸುವ ಪ್ಲೂಟೊ ಎಂಬ ಸಾಧನವನ್ನು ಅಭಿವೃದ್ಧಿಪಡಿಸಿದ್ದರು.

ಮಿತಿಗಳು

ವ್ಯಾಕರಣ ಶುದ್ಧವಾಗಿದ್ದ ಮಾತ್ರಕ್ಕೆ ಅರ್ಥ ಉಳಿದಿದೆ ಎನ್ನಲಾಗದು. ಉದಾಹರಣೆಗೆ, -7ನ್ನು 2ರಿಂದ ಭಾಗಿಸುವಾಗ ಪೈಥಾನ್‌ನ ಪೂರ್ಣಾಂಕ ಭಾಗಾಕಾರ -4 ಎಂಬ ಉತ್ತರವನ್ನು ನೀಡಿದರೆ, ಜಾವಾದ ಭಾಗಾಕಾರ -3 ನೀಡುತ್ತದೆ. ಚಿಹ್ನೆಯನ್ನಷ್ಟೇ ಬದಲಿಸಿದ ಭಾಷಾಂತರ ಯಾವ ದೋಷಸೂಚನೆಯೂ ಇಲ್ಲದೆ ನಡೆದು ತಪ್ಪು ಉತ್ತರ ಕೊಡುತ್ತದೆ. ಹಣದ ಲೆಕ್ಕಕ್ಕೆ ದಶಮಾಂಶ ಸಂಖ್ಯೆಗಳನ್ನು ಯಥಾವತ್ತಾಗಿ ಬಳಸುವ ಕೋಬಾಲ್ ಸಂಕೇತವನ್ನು ದ್ವಿಮಾನ ತೇಲುಬಿಂದು ಸಂಖ್ಯೆಗಳಿಗೆ ಬದಲಿಸಿದರೆ, ಬಡ್ಡಿಯ ಲೆಕ್ಕದಲ್ಲಿ ಪೈಸೆಗಳು ವ್ಯತ್ಯಾಸವಾಗಬಹುದು.

ಆದ್ದರಿಂದ ಹಳೆಯ ಹಾಗೂ ಹೊಸ ಪ್ರೋಗ್ರಾಮ್‌ಗಳಿಗೆ ಒಂದೇ ಮಾಹಿತಿಯನ್ನು ನೀಡಿ ಫಲಿತಾಂಶಗಳನ್ನು ಹೋಲಿಸಲಾಗುತ್ತದೆ. ಪರೀಕ್ಷಿಸದ ಸಂದರ್ಭಗಳ ಬಗ್ಗೆ ಈ ಹೋಲಿಕೆ ಏನನ್ನೂ ಹೇಳದು. ಹೀಗಾಗಿ ಎರಡೂ ಭಾಷೆಗಳನ್ನು ಬಲ್ಲವರ ಪರಿಶೀಲನೆ ಅಗತ್ಯವಾಗಿಯೇ ಉಳಿದಿದೆ.