ಮಟ್ಟು ಹೊತ್ತು ನಡೆದವರು

ಅಮೆರಿಕದ ಇಲಿನಾಯ್ ರಾಜ್ಯದ ಬೆಲ್‌ವಿಲ್ ಎಂಬ ಊರಿನ ಮೂವರು ಹುಡುಗರು 1990ರಲ್ಲಿ ತಮ್ಮ ಮೊದಲ ಆಲ್ಬಂ ಹೊರತಂದರು. ತಂಡದ ಹೆಸರು ಅಂಕಲ್ ಟುಪೆಲೊ, ಆಲ್ಬಮ್ಮಿನ ಹೆಸರು ‘ನೋ ಡಿಪ್ರೆಶನ್’. ಗಿಟಾರು, ಡ್ರಮ್ಮುಗಳ ಅಬ್ಬರದ ನಡುವೆ ಒಂದು ಕಡೆ ಗದ್ದಲವೆಲ್ಲ ತಗ್ಗಿ ಆಲ್ಬಮ್ಮಿಗೆ ಹೆಸರು ಕೊಟ್ಟ ಹಳೆಯ ಭಕ್ತಿಗೀತೆಯೊಂದು ಬರುತ್ತದೆ. ಹಾಡಿದ ಜೇ ಫೆರಾರ್‌ಗೆ ಆಗ ಇಪ್ಪತ್ತಮೂರು ವರ್ಷ. ದನಿ ಮಾತ್ರ ಬಾಳಿ ಬಳಲಿದ ಮುದುಕರದು. ಮೊದಲ ಸಲ ಕೇಳಿದಾಗ ನಾನು ಆ ಒಂದು ಹಾಡನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೂತಿದ್ದೆ. ಇದು ಈ ಹುಡುಗರು ಕಟ್ಟಿದ್ದಲ್ಲ, ಬಹಳ ದೂರದಿಂದ ನಡೆದು ಬಂದದ್ದು ಎಂದು ಕಿವಿಗೇ ತಿಳಿಯುತ್ತಿತ್ತು.

ಅದು 1936ರ ಹಾಡು. ದೇಶಕ್ಕೆ ದೇಶವೇ ಆರ್ಥಿಕ ಕುಸಿತದಲ್ಲಿ ನೆಲಕಚ್ಚಿದ್ದಾಗ, ಸ್ವರ್ಗದಲ್ಲಾದರೂ ಈ ಪಾಡು ಇರಲಾರದು ಎಂಬ ನಂಬಿಕೆಯಿಂದ ಹುಟ್ಟಿದ್ದು. ಧ್ವನಿಮುದ್ರಿಸಿದವರು ವರ್ಜೀನಿಯಾದ ಕಾರ್ಟರ್ ಫ್ಯಾಮಿಲಿ: ಎ.ಪಿ. ಕಾರ್ಟರ್, ಅವರ ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಹಾಡು ಎ.ಪಿ.ಯವರ ಹೆಸರಿನಲ್ಲೇ ಪ್ರಚಾರಕ್ಕೆ ಬಂತು. ಅಲ್ಲ, ಅದು ಜೇಮ್ಸ್ ಡಿ. ವಾನ್ ಅವರ ರಚನೆ ಎನ್ನುವವರೂ ಇದ್ದಾರೆ. ಆ ಹೆಸರಿನ ತಕರಾರೇ ನನ್ನನ್ನು ಹಿಂದಕ್ಕೆ ಎಳೆದುಕೊಂಡು ಹೋದದ್ದು. ಹೋದಲ್ಲಿ ಸಿಕ್ಕವರು ಲೆಸ್ಲಿ ರಿಡಲ್. ಅವರು ಸಿಕ್ಕ ಮೇಲೆ ಈ ಸಂಗೀತದ ಇತಿಹಾಸವನ್ನು ಬೇರೆ ಯಾರಿಂದಲೂ ಶುರು ಮಾಡಲು ನನಗೆ ಮನಸ್ಸಾಗುವುದಿಲ್ಲ.

1927ರ ಜುಲೈ 31ರಂದು ಕಾರ್ಟರ್ ಕುಟುಂಬ ಬ್ರಿಸ್ಟಲ್ ಪಟ್ಟಣಕ್ಕೆ ಬಂತು. ಟೆನೆಸ್ಸೀ, ವರ್ಜೀನಿಯಾ ರಾಜ್ಯಗಳ ಗಡಿ ಹಾದುಹೋಗುವುದು ಆ ಊರಿನ ಪೇಟೆಬೀದಿಯ ನಡುವೆಯೇ. ಅಲ್ಲಿ ಹ್ಯಾಟ್ ದಾಸ್ತಾನಿಡುತ್ತಿದ್ದ ಕಟ್ಟಡವೊಂದರಲ್ಲಿ ವಿಕ್ಟರ್ ರೆಕಾರ್ಡು ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಧ್ವನಿಮುದ್ರಣ ಯಂತ್ರ ಹೂಡಿ, ಹೊಸ ಹಾಡುಗಾರರನ್ನು ಹುಡುಕುತ್ತಿದ್ದರು. ಮೇಬೆಲ್ ಆಗ ತುಂಬು ಗರ್ಭಿಣಿ. ಎರಡು ದಿನದಲ್ಲಿ ಆರು ಹಾಡು ಮುದ್ರಣವಾದವು, ಹಾಡಿಗೆ 50 ಡಾಲರ್. ಪ್ಲೇಟುಗಳು ಮಾರಾಟವಾದವು, ಪಿಯರ್ ಇನ್ನಷ್ಟು ಹಾಡು ಕೇಳಿದರು. ಅವರಿಗೆ ಬೇಕಾಗಿದ್ದದ್ದು ಹಕ್ಕುಸ್ವಾಮ್ಯಕ್ಕೆ ನೋಂದಾಯಿಸಬಹುದಾದ ಹಾಡು. ಅಂದರೆ ಇನ್ನೂ ಯಾರ ಹೆಸರಿಗೂ ಬರೆಸದಿದ್ದದ್ದು. ಅಜ್ಜಿ ಬಾಯಲ್ಲಿರುವ ಹಾಡಾದರೂ ಸರಿ, ಅಲ್ಲಲ್ಲಿ ತಿದ್ದಿ ಹೊಸದಾಗಿ ಹೊಂದಿಸಿ ಕೊಟ್ಟರೆ ಅದು ಕೊಟ್ಟವರ ಹೆಸರಿಗೆ ದಾಖಲಾಗುತ್ತಿತ್ತು.

ಎ.ಪಿ. ಹಾಡು ಹುಡುಕುತ್ತ ಊರೂರು ತಿರುಗತೊಡಗಿದರು. ಬೆಟ್ಟದ ಮನೆಗಳು, ಗಣಿ ಕಾರ್ಮಿಕರ ಕೇರಿಗಳು, ಯಾರು ಹಾಡುತ್ತಾರೆಂದು ಕೇಳಿಬಂದರೆ ಅವರ ಬಾಗಿಲಿಗೆ. ಸಾಹಿತ್ಯವನ್ನೇನೋ ಕಾಗದದ ಮೇಲೆ ಗೀಚಿಕೊಳ್ಳುತ್ತಿದ್ದರು. ಮಟ್ಟು ಮಾತ್ರ ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಕೈಯಲ್ಲಿ ಬರೀ ಪದಗಳು.

ಟೆನೆಸ್ಸೀಯ ಕಿಂಗ್ಸ್‌ಪೋರ್ಟ್‌ನಲ್ಲಿ ಅವರಿಗೆ ಪರಿಚಯವಾದವರು ರಿಡಲ್. 1905ರಲ್ಲಿ ಉತ್ತರ ಕೆರೊಲಿನಾದ ಬರ್ನ್ಸ್‌ವಿಲ್‌ನಲ್ಲಿ ಹುಟ್ಟಿದ ಕಪ್ಪು ಗಿಟಾರ್ ವಾದಕ. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲನ್ನು ಕಳೆದುಕೊಂಡಿದ್ದರು. ಬಂದೂಕಿನಿಂದಾದ ಇನ್ನೊಂದು ಅವಘಡದಲ್ಲಿ ಬಲಗೈಯ ಎರಡು ಬೆರಳು ಹೋಗಿದ್ದವು. ಉಳಿದ ಬೆರಳುಗಳಲ್ಲೇ ತಂತಿ ಮೀಟುವ ತಮ್ಮದೇ ಪಟ್ಟು ಕಂಡುಕೊಂಡಿದ್ದರು. ಮಟ್ಟು ಒಮ್ಮೆ ಕಿವಿಗೆ ಬಿದ್ದರೆ ಸಾಕು, ಅಲ್ಲೇ ನಿಲ್ಲುತ್ತಿತ್ತು. ಇಬ್ಬರೂ ಜತೆಯಾದರು: ಪದ ಎ.ಪಿ.ಯವರ ಕಾಗದದಲ್ಲಿ, ಮಟ್ಟು ರಿಡಲ್ ಅವರ ನೆನಪಿನಲ್ಲಿ.

ಇದು ನಡೆದ ಕಾಲ, ಸ್ಥಳ ನೆನೆಯಬೇಕು. ಕಪ್ಪುಜನರಿಗೆ ಬೇರೆ ಶಾಲೆ, ಬೇರೆ ಬಾಗಿಲು, ಬೇರೆ ಆಸನವೆಂದು ಕಾನೂನೇ ಬರೆದಿಟ್ಟಿದ್ದ ದಕ್ಷಿಣದಲ್ಲಿ ಒಬ್ಬ ಬಿಳಿಯ, ಒಬ್ಬ ಕಪ್ಪು ಒಟ್ಟಿಗೆ ಊರೂರು ಸುತ್ತಿದರು. ಎ.ಪಿ. ಒಬ್ಬರೇ ಹೋಗಿದ್ದರೆ ತೆರೆಯದಿದ್ದ ಮನೆಗಳ, ಚರ್ಚುಗಳ ಬಾಗಿಲು ರಿಡಲ್ ಜತೆಗಿದ್ದುದರಿಂದ ತೆರೆಯಿತು. ರಿಡಲ್ ಕಾರ್ಟರ್ ಮನೆಯಲ್ಲಿ ದಿನಗಟ್ಟಲೆ ಉಳಿಯುತ್ತಿದ್ದರು. ಹೊತ್ತು ತಂದ ಮಟ್ಟುಗಳನ್ನು ಸಾರಾಗೂ ಮೇಬೆಲ್‌ಗೂ ಒಪ್ಪಿಸುತ್ತಿದ್ದರು. ‘ಕ್ಯಾನನ್‌ಬಾಲ್’ ಹಾಡಿನ ಗಿಟಾರ್ ನುಡಿಸಾಣಿಕೆಯನ್ನು ಮೇಬೆಲ್ ಕಲಿತದ್ದು ಅವರಿಂದ. ಇಂದಿಗೂ ಅಮೆರಿಕದಲ್ಲಿ ಗಿಟಾರ್ ಕಲಿಯುವವರು ಮೇಬೆಲ್ ಅವರ ಕೈಚಳಕವನ್ನು ಹೆಸರು ಹಿಡಿದು ಅಭ್ಯಾಸ ಮಾಡುತ್ತಾರೆ.

ಕಾರ್ಟರ್ ಫ್ಯಾಮಿಲಿ 1941ರವರೆಗೆ ಸುಮಾರು 300 ಹಾಡು ಮುದ್ರಿಸಿತು. ಆ ಪ್ಲೇಟುಗಳ ದುಂಡು ಲೇಬಲ್ಲಿನ ಮೇಲೆ ಕಂಪನಿಯ ಹೆಸರಿದೆ, ಕ್ರಮಸಂಖ್ಯೆ ಇದೆ, ಎ.ಪಿ. ಕಾರ್ಟರ್ ಹೆಸರಿದೆ. ರಿಡಲ್ ಹೆಸರಿಲ್ಲ. ಆ ಕಾಲದಲ್ಲಿ ಅವರದೇ ಗಿಟಾರನ್ನು ಒಂದೇ ಒಂದು ಪ್ಲೇಟಿಗೂ ಯಾರೂ ಇಳಿಸಿಕೊಳ್ಳಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದು ಸಾಲಿನ ಜಾಗ ಸಾಕಿತ್ತು. ರಿಡಲ್ ಉತ್ತರದ ರೋಚೆಸ್ಟರ್ ನಗರಕ್ಕೆ ಹೋಗಿ ನೆಲೆಸಿದರು. ಬರುಬರುತ್ತ ಸಂಗೀತವನ್ನೇ ಬಿಟ್ಟರು.

ಅವರನ್ನು ಮತ್ತೆ ಹುಡುಕಿದವರು ಮೈಕ್ ಸೀಗರ್. ಹಳೆಯ ಪ್ಲೇಟುಗಳ ಹಾಡುಗಳನ್ನು ಕಲಿತು ಹಾಡುತ್ತಿದ್ದ ನ್ಯೂ ಲಾಸ್ಟ್ ಸಿಟಿ ರ‍್ಯಾಂಬ್ಲರ್ಸ್ ತಂಡದವರು. 1936ರ ಆ ಕುಸಿತದ ಹಾಡನ್ನು 1959ರಲ್ಲಿ ಮತ್ತೆ ಹಾಡಿದ್ದೂ ಇದೇ ತಂಡ. ರಿಡಲ್ ಬಗ್ಗೆ ಸೀಗರ್‌ಗೆ ಹೇಳಿದವರು ಸ್ವತಃ ಮೇಬೆಲ್. ಮೇಬೆಲ್ ಮರೆತಿರಲಿಲ್ಲ, ಲೇಬಲ್ಲಿನಲ್ಲಿ ಇಲ್ಲದ್ದು ಅವರ ಬಾಯಲ್ಲಿತ್ತು. 1965ರಿಂದ ಹಲವು ವರ್ಷ ಸೀಗರ್ ಆಗಾಗ ಹೋಗಿ ರಿಡಲ್ ಅವರನ್ನು ಹಾಡಿಸಿ ಟೇಪಿಗೆ ಇಳಿಸಿಕೊಂಡರು. ಅದು ‘ಸ್ಟೆಪ್ ಬೈ ಸ್ಟೆಪ್’ ಎಂಬ ಹೆಸರಿನಲ್ಲಿ ಅಂಗಡಿಗೆ ಬಂದದ್ದು 1993ರಲ್ಲಿ. ಆ ಹೊತ್ತಿಗೆ ರಿಡಲ್ ಇರಲಿಲ್ಲ. ಅದೇ ವರ್ಷ ಅಂಕಲ್ ಟುಪೆಲೊ ತನ್ನ ಕೊನೆಯ ಸ್ಟುಡಿಯೊ ಆಲ್ಬಂ ತಂದಿತು. ಮರುವರ್ಷ ತಂಡ ಒಡೆಯಿತು.

ಮುಂದಿನದು ಬೇಗ ಹೇಳಿ ಮುಗಿಸಬಹುದು. 1995ರಲ್ಲಿ ಸಿಯಾಟಲ್‌ನ ಗ್ರಾಂಟ್ ಆಲ್ಡನ್, ಪೀಟರ್ ಬ್ಲ್ಯಾಕ್‌ಸ್ಟಾಕ್ ಆ ಹಾಡಿನ, ಆ ಆಲ್ಬಮ್ಮಿನ ಹೆಸರನ್ನೇ ಇಟ್ಟು ‘ನೋ ಡಿಪ್ರೆಶನ್’ ಪತ್ರಿಕೆ ಶುರು ಮಾಡಿದರು. ಮೊದಲ ಸಂಚಿಕೆಯ ಮುಖಪುಟದಲ್ಲಿ ಫೆರಾರ್ ಕಟ್ಟಿದ ಹೊಸ ತಂಡ ಸನ್ ವೋಲ್ಟ್. ಈ ಬಗೆಯ ಸಂಗೀತಕ್ಕೆ ಆಲ್ಟ್-ಕಂಟ್ರಿ, ಅಮೆರಿಕಾನಾ ಎಂಬ ಹೆಸರುಗಳು ಬಾಯಿಗೆ ಬಂದ ಕಾಲ ಅದು. ಗಿಲಿಯನ್ ವೆಲ್ಚ್, ಲೂಸಿಂಡಾ ವಿಲಿಯಮ್ಸ್ ಅವರಂಥ ಹಾಡುಗಾರ್ತಿಯರ ಮೇಲೆ ಪುಟಗಟ್ಟಲೆ ಬರೆದ ಪತ್ರಿಕೆ ಅದು. ರೆಕಾರ್ಡು ಕಂಪನಿಗಳ ಜಾಹೀರಾತು ಬತ್ತಿ, 2008ರಲ್ಲಿ 75ನೇ ಸಂಚಿಕೆಗೆ ಮುದ್ರಣ ನಿಂತಿತು. 2015ರಲ್ಲಿ ಮತ್ತೆ ಅಚ್ಚಾಗಿ ಬಂತು. ನಡುವಿನ ಆ ವರ್ಷಗಳಲ್ಲಿ ಎಷ್ಟು ಹೊಸಬರ ಮೊದಲ ಆಲ್ಬಂ ಯಾರ ಕಣ್ಣಿಗೂ ಬೀಳದೆ ಹೋಯಿತೋ ಎಂಬ ಕೊರಗು ನನಗೆ ಹೋಗಿಲ್ಲ.

ಆದರೂ ಆ ವರ್ಷಗಳಲ್ಲೇ ಮೂವರು ಕಪ್ಪು ಯುವಕಲಾವಿದರು ನನ್ನ ಕಿವಿಗೆ ಬಿದ್ದರು. ರಿಯಾನನ್ ಗಿಡೆನ್ಸ್, ಡಾಮ್ ಫ್ಲೆಮನ್ಸ್, ಜಸ್ಟಿನ್ ರಾಬಿನ್ಸನ್. 2005ರಲ್ಲಿ ಉತ್ತರ ಕೆರೊಲಿನಾದ ಬೂನ್‌ನಲ್ಲಿ ನಡೆದ ಕಪ್ಪುಜನರ ಬ್ಯಾಂಜೊ ಸಮ್ಮೇಳನದ ಬೆನ್ನಿಗೆ ಒಂದಾದವರು. ಮೆಬೇನ್ ಎಂಬಲ್ಲಿ ಜೋ ಥಾಂಪ್ಸನ್ ಎಂಬ ಹಿರಿಯರಿದ್ದರು. ಹುಟ್ಟಿದ್ದು 1918ರಲ್ಲಿ, ಮನೆತನದಿಂದ ಬಂದ ಪಿಟೀಲು. ಗುರುವಾರ ಸಂಜೆಯಾದರೆ ಮೂವರೂ ಕಾರು ಹತ್ತಿ ಅವರ ಮನೆಗೆ ಹೋಗುತ್ತಿದ್ದರು. ಥಾಂಪ್ಸನ್ ಪಾಠ ಹೇಳುವವರಲ್ಲ, ಬಾರಿಸುತ್ತಿದ್ದರು, ಅಷ್ಟೆ. ಇವರು ಬ್ಯಾಂಜೊ ಹಿಡಿದು ಹಿಂದೆ ಹಿಂದೆ ಹೋಗಬೇಕು, ತಪ್ಪಿದರೆ ಮುಂದಿನ ಸುತ್ತಿಗೆ ಸೇರಿಕೊಳ್ಳಬೇಕು. ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್ ಎಂಬ ಹೆಸರಿನಲ್ಲಿ ಅವರು ತಂದ ಆಲ್ಬಮ್ಮಿಗೆ 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಿಕ್ಕಾಗ ಥಾಂಪ್ಸನ್ ಇನ್ನೂ ಇದ್ದರು. ಮರುವರ್ಷ ತೀರಿಕೊಂಡರು. ತಮ್ಮ ಸಂಗೀತ ಎಲ್ಲಿಂದ ಬಂತೆಂದು ಹೇಳುವಾಗಲೆಲ್ಲ ಈ ಮೂವರೂ ಮೊದಲು ತೆಗೆದದ್ದು ಜೋ ಥಾಂಪ್ಸನ್ ಅವರ ಹೆಸರನ್ನು.