ಗಿಟಾರಿಗೆ ದಕ್ಕಿದ ಗುಡುಗುಡಿ

ಶಿಶುನಾಳ ಷರೀಫರ ತತ್ವಪದ ಹಾಡಲು ಏಕತಾರಿ, ದಮ್ಮಡಿ, ತಾಳಗಳಿದ್ದರೆ ಸಾಕು. ಅದಕ್ಕೆ ಗಿಟಾರು, ಡ್ರಮ್ಸ್ ಹೊಂದೀತೆ? ಹೊಂದಿದರೂ ಪದದೊಳಗಿನ ತತ್ವ ಉಳಿದೀತೆ? 2008ರಲ್ಲಿ ‘ಅಂತರಾಗ್ನಿ – ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಆಲ್ಬಂ ಹೊರಬಂದಾಗ ಇಂಥ ಅನುಮಾನಕ್ಕೆ ಎಡೆಯಿತ್ತು.

ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ; ಎಂಎಸ್ಸಿಯಲ್ಲಿ ಚಿನ್ನದ ಪದಕ. ಕಲಿತದ್ದು ಭರತನಾಟ್ಯ. ಗಿಟಾರು ಕೈಗೆ ಬಂದದ್ದು ಸಹಪಾಠಿಯೊಬ್ಬನ ಜೊತೆ ಕಟ್ಟಿದ ಪಂಥದಿಂದ! ಬೆಲ್ಜಿಯಂನಲ್ಲಿದ್ದ ಉದ್ಯೋಗ ಬಿಟ್ಟು ಬೆಂಗಳೂರಿಗೆ ಮರಳಿದ ಅವರು ಹಾಡನ್ನೇ ನೆಚ್ಚಿಕೊಂಡರು. ಧ್ವನಿಮುದ್ರಣ ಕಂಪೆನಿಗಳ ಬಾಗಿಲು ಬೇಗ ತೆರೆಯಲಿಲ್ಲ. ಕೊನೆಗೆ ಕೈಹಿಡಿದವರು ಹಿಂದಿ ಚಿತ್ರರಂಗದ ವಿಶಾಲ್–ಶೇಖರ್ ಜೋಡಿ.

ಆಲ್ಬಂನಲ್ಲಿ ಎಂಟು ಹಾಡುಗಳಿವೆ. ಹಿಂದಿಯದೇ ಹೆಚ್ಚು ಪಾಲು, ಇಂಗ್ಲಿಷಿನದು ಒಂದು, ಕನ್ನಡದವು ಎರಡು. ಆ ಎರಡೂ ಷರೀಫರವು: ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ರಾಕ್, ಜಾನಪದ, ಕರ್ನಾಟಕ ಶೈಲಿಯ ಪಿಟೀಲು ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ‘ಪ್ರಾಜೆಕ್ಟ್’ ಎಂಬ ಹೆಸರಿನ ಮರ್ಮವೂ ಇದೇ. ಹಾಡು, ಗಿಟಾರು ಒಬ್ಬರವು. ಜೊತೆಗೂಡುವ ವಾದ್ಯಗಾರರು ಬಂದು ಹೋಗುವವರು.

ಷರೀಫರು (1819–1889) ಹುಕ್ಕಾ ಸೇದುವ ಚಟವನ್ನೇ ದೇಹ, ಮನಸ್ಸಿನ ರೂಪಕವಾಗಿಸಿದವರು. ಮನೆಯ ಸೋರುವ ಮಾಳಿಗೆಯಲ್ಲಿ ಅಜ್ಞಾನವನ್ನು ಕಂಡವರು. ಹಳ್ಳಿಯ ಭಜನೆಯಲ್ಲಿ ಉಳಿದಿದ್ದ ಅವರ ಪದಗಳಿಗೆ ಸಿ. ಅಶ್ವತ್ಥ್ ಕಂಠ ಕೊಟ್ಟರು. 1990ರ ‘ಸಂತ ಶಿಶುನಾಳ ಷರೀಫ’ ಚಿತ್ರ ಅವುಗಳನ್ನು ಮನೆಮನೆಗೆ ಮುಟ್ಟಿಸಿತು. ರಘು ಅವನ್ನು ದಾಟಿಸಿದ್ದು ಕಾಲೇಜು ಹುಡುಗರಿಗೆ, ಕನ್ನಡವೇ ಬಾರದವರಿಗೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಹಾಡುವ ಗಾಯಕನ ಜೊತೆ ಅಲ್ಲಿಯ ಜನವೂ ಕುಣಿದರು.

ಕುಣಿತದ ಭರದಲ್ಲಿ ಅರ್ಥ ಮರೆಯಾಗುವ ಅಪಾಯ ಇದ್ದೇ ಇದೆ. ಗುಡುಗುಡಿಯನ್ನು ಬರೀ ಮೋಜಿನ ಹಾಡೆಂದು ತಿಳಿದವರೂ ಇರಬಹುದು. ಆದರೆ ಭಜನೆಯಲ್ಲೂ ತಾಳ ಮೊದಲು ಹಿಡಿಯುತ್ತದೆ, ತತ್ವ ಆಮೇಲೆ ಕಾಡುತ್ತದೆ. ಗಿಟಾರಿನ ತಾಳಕ್ಕೆ ಕಾಲು ಕುಣಿಸಿದ ಹುಡುಗನೊಬ್ಬ ಮರುದಿನ ‘ಸೋರುತ್ತಿರುವುದು ಯಾವ ಮನೆ?’ ಎಂದು ಕೇಳಿದರೆ, ಆಲ್ಬಂ ತನ್ನ ಕೆಲಸ ಮಾಡಿದಂತೆಯೇ.